ಶಿಲುಬೆಯ ಪಕ್ಕದ ಪಾತ್ರಗಳು

ಪ್ರತಿವರ್ಷ ಪವಿತ್ರ ವಾರ ಮುಗಿದ ಮೇಲೆ ನಮ್ಮ ಮನೆಗಳಲ್ಲಿಯೂ ದೇವಾಲಯದ ಅಂಗಳದಲ್ಲಿಯೂ ಒಂದು ಬಗೆಯ ವಿಮರ್ಶೆ ನಡೆಯುತ್ತದೆ. ಯೇಸುಸ್ವಾಮಿಯ ಪಾತ್ರ ಮಾಡಿದವನು ಈ ಸಲ ಹೇಗೆ ಅಭಿನಯಿಸಿದ, ಪಿಲಾತನ ಕಂಠ ಕೊನೆಯ ಸಾಲಿನವರೆಗೂ ಕೇಳಿಸಿತೇ, ಬೆಳಕಿನ ವ್ಯವಸ್ಥೆ ಚೆನ್ನಾಗಿತ್ತೇ, ಹೋದ ವರ್ಷಕ್ಕಿಂತ ಜನ ಹೆಚ್ಚೋ ಕಡಿಮೆಯೋ ಎಂದು ಮಾತಾಡಿಕೊಳ್ಳುತ್ತೇವೆ. ಈ ಪ್ರಶ್ನೆಗಳಲ್ಲಿ ತಪ್ಪೇನೂ ಇಲ್ಲ. ನಾಟಕವೆಂದ ಮೇಲೆ ಅಭಿನಯ, ಕಂಠ, ಬೆಳಕು ಎಲ್ಲವೂ ಬೇಕು. ಆದರೆ ಶಿಲುಬೆಯ ಕಥೆಯನ್ನು ನಾವು ನಾವೇ ಆಡಿ, ನಾವು ನಾವೇ ನೋಡುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಈ ನಾಟಕ ನಮ್ಮೊಳಗೆ ಕುಗ್ಗಿದ ವಿಶ್ವಾಸಿಯೊಬ್ಬನನ್ನು ಎತ್ತಿ ನಿಲ್ಲಿಸಿತೇ? ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಶ್ರಮೆಯ ನಾಟಕವನ್ನು ನೋಡುವ ಪ್ರಯತ್ನ ಮಾಡೋಣ.

ಕನಕಪುರ ತಾಲ್ಲೂಕಿನ ಹಾರೋಬೆಲೆಯ ಹೆಸರು ಕೇಳದ ಕನ್ನಡ ಕಥೋಲಿಕರು ಕಡಿಮೆ. ಅರ್ಕಾವತಿಯ ದಂಡೆಯ ಈ ಊರಿನಲ್ಲಿ ಬಹುಪಾಲು ಜನ ಕ್ರೈಸ್ತರು. ಶುಭ ಶುಕ್ರವಾರದಂದು ಇಲ್ಲಿ ಆಡಲಾಗುವ ಯೇಸುಕ್ರಿಸ್ತರ ಶ್ರಮೆಯ ನಾಟಕಕ್ಕೆ ಜನ ಇಟ್ಟಿರುವ ಹೆಸರು 'ಮಹಿಮೆ'. ಅದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ; ಊರಿನವರೇ ಅದರ ಪಾತ್ರಧಾರಿಗಳು. ರಾಮನಗರ, ಚನ್ನಪಟ್ಟಣ, ಮಾಗಡಿ, ಬೆಂಗಳೂರು ಕಡೆಗಳಿಂದ ನೆಂಟರಿಷ್ಟರು ಬಂದು ಸೇರುತ್ತಾರೆ. ನೋವಿನ ಕಥೆಗೆ 'ಮಹಿಮೆ' ಎಂಬ ಹೆಸರು ಹೇಗೆ ಸಲ್ಲುತ್ತದೆ ಎಂದು ನೀವು ಕೇಳಬಹುದು. ಸಂತ ಯೊವಾನ್ನರ ಶುಭಸಂದೇಶವನ್ನು ಓದಿದವರಿಗೆ ಉತ್ತರ ಗೊತ್ತು. ಶಿಲುಬೆಗೇರುವುದನ್ನೇ ಅವರು ಮಹಿಮೆ ಹೊಂದುವುದು ಎಂದು ಕರೆಯುತ್ತಾರೆ. ಹೆಸರಿಟ್ಟ ಹಿರಿಯರು ಆ ದೊಡ್ಡ ಚಿಂತನೆಯನ್ನು ಒಂದೇ ಪದದಲ್ಲಿ ಹಿಡಿದಿದ್ದಾರೆ.

ಈ ನಾಟಕವನ್ನು ಅರಿಯಲು ಈ ನೆಲದ ವಿಶ್ವಾಸದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. 17ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಪುಸ್ತಕಗಳನ್ನು ಬರೆದರು. ಮೈಸೂರು ಮಿಷನ್ ಬೆಳೆದದ್ದು ಹೀಗೆ. ಆದರೆ 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂತರು ಯೇಸುಸಭೆಯನ್ನು ರದ್ದುಗೊಳಿಸಿದಾಗ ಈ ಸೀಮೆಗೆ ಗುರುಗಳು ಬರುವ ದಾರಿಯೇ ಸೊರಗಿತು. ಮುಂದಿನ ಮೂರು ದಶಕಗಳು ಯುದ್ಧದ ಕಾಲ, ಸೆರೆಯ ಕಾಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಜನರು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದ ಫ್ರೆಂಚ್ ಗುರು ಜಾನ್ ಆಂತ್ವಾನ್ ದ್ಯುಬ್ವಾ ಚದುರಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಕೆಲಸಕ್ಕೆ ತೊಡಗಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ದುಡಿದ ಪುಣ್ಯಾತ್ಮರೂ ಅವರೇ.

ಆದರೂ ಇಲ್ಲಿ ಒಂದು ಸೋಜಿಗವಿದೆ. ಮೂವತ್ತು ವರ್ಷ ಈ ನಾಡಿನಲ್ಲಿ ದುಡಿದ ಆ ದೊಡ್ಡಸ್ವಾಮಿಯವರು 1823ರಲ್ಲಿ ಭಾರತವನ್ನು ಬಿಟ್ಟುಹೋದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ ಇಲ್ಲಿಯ ಕ್ರೈಸ್ತಧರ್ಮದ ಭವಿಷ್ಯದ ಬಗ್ಗೆ ತೀರ ನಿರಾಶೆಯ ಮಾತುಗಳಿವೆ. ಅವರ ತೀರ್ಪನ್ನು ಇಂದು ಓದುವಾಗ ನಮಗೆ ಸಿಟ್ಟು ಬರಬೇಕಾಗಿಲ್ಲ. ಅವರು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದರು. ಅವರ ಲೆಕ್ಕದಲ್ಲಿ ಗುರುಗಳ ಸಂಖ್ಯೆ, ಹೊಸ ದೀಕ್ಷಾಸ್ನಾನಗಳ ಸಂಖ್ಯೆ, ಬಿಟ್ಟುಹೋದವರ ಸಂಖ್ಯೆ ಎಲ್ಲವೂ ಇದ್ದವು. ಸಂಜೆ ದೀಪ ಹಚ್ಚಿ ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದ ಅಜ್ಜಿ, ಗುರುಗಳಿಲ್ಲದ ಊರಲ್ಲಿ ಪ್ರಾರ್ಥನೆ ನಡೆಸಿದ ಉಪದೇಶಿ, ಸತ್ತವರ ಮನೆಯಲ್ಲಿ ಜಪಸರ ಹೇಳಲು ಕೂತ ನೆರೆಹೊರೆಯವರು ಯಾವ ಲೆಕ್ಕದ ಪುಸ್ತಕಕ್ಕೂ ಸಿಗುವವರಲ್ಲ. ಆ ಪತ್ರಗಳಿಗೆ ಇನ್ನೂರು ವರ್ಷ ತುಂಬಿದ ಮೇಲೂ ಹಾರೋಬೆಲೆ ಇದೆ. ದ್ಯುಬ್ವಾರ ನಿರಾಶೆಗೆ ಉತ್ತರ ಕೊಟ್ಟವರು ಒಬ್ಬರನ್ನೊಬ್ಬರು ಹಿಡಿದುಕೊಂಡ ಈ ಸಾಮಾನ್ಯರು. 1876-78ರ ಮಹಾಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಮಿಷನರಿಗಳು ಸಿಲ್ವೇಪುರ, ಮರಿಯಾಪುರಗಳಂಥ ಕೃಷಿಗ್ರಾಮಗಳನ್ನು ನೆಲೆಗೊಳಿಸಿದ ಕಥೆಯೂ ಇದನ್ನೇ ಹೇಳುತ್ತದೆ. ಹೊಲ, ಮನೆ, ನೆರೆ ಇವುಗಳ ನಡುವೆಯೇ ವಿಶ್ವಾಸ ಬೇರು ಬಿಟ್ಟಿತು.

ಈಗ ನಾಟಕಕ್ಕೆ ಬರೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಾಟಕ ಆಡುವುದೆಂದರೆ ಊರಿಗೆ ಊರೇ ತೊಡಗುವ ಕೆಲಸ. 'ಕುರುಕ್ಷೇತ್ರ' ಆಡುವ ಊರಾಗಲಿ, 'ರಾಮಾಯಣ' ಆಡುವ ಊರಾಗಲಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟರ ಮುಂದೆ ತಾಲೀಮು ನಡೆಯುತ್ತದೆ. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಭೀಮನಾಗುತ್ತಾನೆ. ಶ್ರಮೆಯ ನಾಟಕ ಆಡುವ ನಮ್ಮ ಊರುಗಳು ಇದೇ ಮಣ್ಣಿನವು. ಇಲ್ಲಿ ಗಮನಿಸಬೇಕಾದದ್ದು ತಾಲೀಮು. ಪ್ರೇಕ್ಷಕರು ನೋಡುವುದು ಒಂದು ದಿನದ ಪ್ರದರ್ಶನವನ್ನು. ಆದರೆ ಆಡುವವರು ಬದುಕುವುದು ತಪಸ್ಸುಕಾಲದ ಅಷ್ಟೂ ರಾತ್ರಿಗಳ ಅಭ್ಯಾಸವನ್ನು. ಮಾತು ಮರೆತವನಿಗೆ ಪಕ್ಕದವನು ಮೆಲ್ಲನೆ ಮಾತು ಹೇಳಿಕೊಡುತ್ತಾನೆ. ಅಪ್ಪ ಮಾಡಿದ ಪಾತ್ರಕ್ಕೆ ಮಗ ಸಿದ್ಧನಾಗುತ್ತಾನೆ. ಜಗಳವಾಡಿ ಮಾತು ಬಿಟ್ಟ ಇಬ್ಬರು ಒಂದೇ ದೃಶ್ಯದಲ್ಲಿ ಎದುರುಬದುರು ನಿಲ್ಲಬೇಕಾಗುತ್ತದೆ. ವಿಶ್ವಾಸಿಗಳು ಒಬ್ಬರಿಗೊಬ್ಬರು ಧೈರ್ಯ ಹೇಳುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ಜರ್ಮನಿಯ ಬವೇರಿಯಾದಲ್ಲಿ ಓಬರಾಮರ್ಗೌ ಎಂಬ ಹಳ್ಳಿಯಿದೆ. ಪ್ಲೇಗಿನಿಂದ ಪಾರು ಮಾಡಿದರೆ ಕ್ರಿಸ್ತರ ಶ್ರಮೆಯನ್ನು ಆಡುತ್ತೇವೆಂದು ಆ ಊರಿನವರು 1633ರಲ್ಲಿ ಹರಕೆ ಹೊತ್ತು, 1634ರಲ್ಲಿ ಮೊದಲ ಸಲ ಆಡಿದರು. ಇಂದಿಗೂ ಹತ್ತು ವರ್ಷಕ್ಕೊಮ್ಮೆ ಆಡುತ್ತಾರೆ. 2020ರಲ್ಲಿ ನಡೆಯಬೇಕಿದ್ದ ಪ್ರದರ್ಶನ ಕೊರೋನಾದಿಂದಾಗಿ 2022ಕ್ಕೆ ಹೋಯಿತು. ಜಗತ್ತಿನ ಮೂಲೆಮೂಲೆಗಳಿಂದ ಪ್ರೇಕ್ಷಕರು ಅಲ್ಲಿಗೆ ಹೋಗುತ್ತಾರೆ. ಆದರೂ ಅಲ್ಲಿಯ ನಿಯಮ, ಊರಿನವರೇ ಆಡಬೇಕು ಎಂಬುದು. ಹೊರಗಿನಿಂದ ಹೆಸರಾಂತ ನಟರನ್ನು ಕರೆಸಿದರೆ ಅಭಿನಯ ಇನ್ನೂ ಚೆಂದವಾದೀತು, ಆದರೆ ಹರಕೆ ಉಳಿಯುವುದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಧ್ವನಿಮುದ್ರಿತ ಸಂಭಾಷಣೆಗೆ ತುಟಿ ಆಡಿಸುವ ಅಭ್ಯಾಸ ಬಂದಿದೆ. ಬಾಡಿಗೆಯ ಬೆಳಕು, ಬಾಡಿಗೆಯ ವೇಷ, ಬಾಡಿಗೆಯ ಕಂಠ ಎಲ್ಲ ಸೇರಿದಾಗ ನಮ್ಮದೆನ್ನುವುದು ಎಷ್ಟು ಉಳಿಯಿತು ಎಂದು ನೋಡಿಕೊಳ್ಳಬೇಕು. ತೊದಲುವ ನಮ್ಮ ಊರಿನ ಪೇತ್ರನೇ ನಮಗೆ ಬೇಕು. ನಿಜವಾದ ಪೇತ್ರನೂ ತೊದಲಿದವನೇ ಅಲ್ಲವೇ?

ಈ ಕಥೆಯ ಪಕ್ಕದ ಪಾತ್ರಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ನಾವು ರಂಗದ ನಡುವೆಯೇ ದೃಷ್ಟಿ ನೆಟ್ಟಿರುತ್ತೇವೆ. ಶುಭಸಂದೇಶಕಾರರಾದರೋ ಅಂಚಿನಲ್ಲಿ ನಿಂತವರನ್ನು ಮರೆಯುವುದಿಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿ ಮೂವರು ಶಿಷ್ಯರನ್ನು ಹತ್ತಿರಕ್ಕೆ ಕರೆದು, ತಮ್ಮೊಡನೆ ಎಚ್ಚರವಾಗಿರುವಂತೆ ಕೇಳಿಕೊಂಡರು. ದೇವಪುತ್ರರಿಗೂ ಆ ರಾತ್ರಿ ಜೊತೆ ಬೇಕಿತ್ತು. ಶಿಷ್ಯರು ನಿದ್ದೆಹೋದರು. ಅವರು ದ್ರೋಹಿಗಳಲ್ಲ, ಶತ್ರುಗಳೂ ಅಲ್ಲ, ದಣಿದವರು ಅಷ್ಟೆ. ನಮ್ಮ ಧರ್ಮಕೇಂದ್ರಗಳಲ್ಲಿ ಕಷ್ಟದಲ್ಲಿರುವವರು ಒಂಟಿಯಾಗುವುದು ಬಹುತೇಕ ಹೀಗೆಯೇ. ಯಾರೂ ಅವರನ್ನು ದ್ವೇಷಿಸಿರುವುದಿಲ್ಲ. ಎಲ್ಲರಿಗೂ ಅವರವರ ದಣಿವಿರುತ್ತದೆ.

ಸಿರೇನ್ಯದ ಸಿಮೋನನನ್ನು ನೋಡಿ. ಹೊಲದ ಕಡೆಯಿಂದ ಬರುತ್ತಿದ್ದ ಅವನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಅವನು ತಾನಾಗಿ ಮುಂದೆ ಬಂದವನಲ್ಲ. ಆದರೆ ಸಂತ ಮಾರ್ಕರು ಅವನನ್ನು ಅಲೆಕ್ಸಾಂಡರ್ ಮತ್ತು ರೂಫರ ತಂದೆ ಎಂದು ಪರಿಚಯಿಸುತ್ತಾರೆ. ಅಂದರೆ ಆ ಮಕ್ಕಳು ಮಾರ್ಕರ ಓದುಗರಿಗೆ ಗೊತ್ತಿದ್ದವರು. ಒಲ್ಲದ ಮನಸ್ಸಿನಿಂದ ಹೊತ್ತ ಹೊರೆಯೂ ಒಂದು ಮನೆಗೆ ವಿಶ್ವಾಸವನ್ನು ತಂದುಕೊಟ್ಟಿರಬೇಕು. ವೆರೋನಿಕಳ ಹೆಸರು ಶುಭಸಂದೇಶಗಳಲ್ಲಿ ಇಲ್ಲ, ಶಿಲುಬೆ ಹಾದಿಯಲ್ಲಿದೆ. ಭಕ್ತರ ನೆನಪು ಅವಳನ್ನು ಕಾಪಾಡಿಕೊಂಡು ಬಂತು. ಅವಳು ಶಿಲುಬೆಯನ್ನು ಇಳಿಸಲಿಲ್ಲ, ಸೈನಿಕರನ್ನು ತಡೆಯಲಿಲ್ಲ. ತನ್ನಿಂದಾದಷ್ಟು ಮಾಡಿದಳು, ಮುಖ ಒರೆಸಿದಳು. ಸಾಲ ತೀರಿಸಲಾಗದಿದ್ದರೂ ಸಾಲಗಾರನ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬರುವುದು ವೆರೋನಿಕಳ ಕೆಲಸ.

ಪೇತ್ರ ಮತ್ತು ಯೂದರ ಪಾತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮನಸ್ಸು ನಡುಗುತ್ತದೆ. ಇಬ್ಬರೂ ಬಿದ್ದರು. ಇಬ್ಬರೂ ಪಶ್ಚಾತ್ತಾಪಪಟ್ಟರು. ಮತ್ತಾಯರ ಪ್ರಕಾರ ಯೂದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಡಿದುಕೊಂಡು ಮುಖ್ಯಯಾಜಕರ ಬಳಿಗೆ ಹೋಗಿ ತನ್ನ ಪಾಪವನ್ನು ಒಪ್ಪಿಕೊಂಡ. ಧರ್ಮದ ಹಿರಿಯರಾದ ಅವರು, ಅದಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ ಅವನನ್ನು ಅಟ್ಟಿದರು. ಅವನು ಒಬ್ಬನೇ ಹೊರಟುಹೋದ. ಪೇತ್ರನಿಗಾದರೋ ಬೀಳುವುದಕ್ಕೆ ಮೊದಲೇ ಪ್ರಭು, ನೀನು ತಿರುಗಿಬಂದ ಮೇಲೆ ಸೋದರರನ್ನು ದೃಢಪಡಿಸು ಎಂಬ ಹೊಣೆಯನ್ನು ಒಪ್ಪಿಸಿದ್ದರು. ಅತ್ತ ಮೇಲೆ ಅವನು ಸೇರಿದ್ದು ಸೋದರರನ್ನೇ. ಬಿದ್ದವನಿಗೆ ತಿರುಗಿ ಬರಲು ಒಂದು ಮನೆ ಇದೆಯೋ ಇಲ್ಲವೋ ಎಂಬುದು ಎಷ್ಟು ದೊಡ್ಡ ಮಾತು! ನಮ್ಮ ನಾಟಕಗಳಲ್ಲಿ ಯೂದನ ಸಾವನ್ನು ಭಯಂಕರವಾಗಿ ತೋರಿಸುತ್ತೇವೆ, ಮಕ್ಕಳು ಹೆದರುತ್ತಾರೆ. ಅವನನ್ನು ಅಟ್ಟಿದ ಆ ತಣ್ಣನೆಯ ಉತ್ತರವನ್ನು ಮಾತ್ರ ಬೇಗಬೇಗ ದಾಟಿಬಿಡುತ್ತೇವೆ. ನೋಡುವವರು ಹೆದರಬೇಕಾದದ್ದು ಅಲ್ಲಿಯೇ. ಮದ್ಯಕ್ಕೆ ಬಿದ್ದವನು, ವ್ಯವಹಾರದಲ್ಲಿ ಸುಳ್ಳಾಡಿ ಸಿಕ್ಕಿಬಿದ್ದವನು, ಮನೆ ಬಿಟ್ಟುಹೋಗಿ ಮರಳಿದ ಮಗಳು ನಮ್ಮ ಬಾಗಿಲಿಗೆ ಬಂದಾಗ ನಾವು ಕೊಡುವ ಉತ್ತರ ಯಾವುದು?

ಕೊನೆಗೆ ಶಿಲುಬೆಯ ಬುಡ. ಅಲ್ಲಿ ಪ್ರಭು ತಾಯಿಯನ್ನು ಶಿಷ್ಯನಿಗೂ ಶಿಷ್ಯನನ್ನು ತಾಯಿಗೂ ಒಪ್ಪಿಸುತ್ತಾರೆ. ಮಗನನ್ನು ಕಳೆದುಕೊಳ್ಳುತ್ತಿರುವ ವಿಧವೆಗೆ ಒಂದು ಮನೆ ಸಿಕ್ಕಿತು. ರಕ್ತಸಂಬಂಧವಿಲ್ಲದವರು ಒಬ್ಬರಿಗೊಬ್ಬರು ಆಸರೆಯಾದ ಆ ಗಳಿಗೆಯನ್ನು ಮೊದಲ ಧರ್ಮಕೇಂದ್ರವೆಂದು ಕರೆದರೆ ತಪ್ಪಾಗಲಾರದು.

ಮೆಚ್ಚಿಕೆಯ ಮಾತುಗಳಾದವು. ವಿಮರ್ಶೆಯೆಂದ ಮೇಲೆ ಕುಂದುಗಳನ್ನೂ ಹೇಳಬೇಕು. ಇವು ಯಾವುದೋ ಒಂದು ಊರಿನ ನಾಟಕಕ್ಕೆ ಸೇರಿದವಲ್ಲ. ನಮ್ಮ ಶ್ರಮೆಯ ನಾಟಕಗಳಲ್ಲಿ ಸಾಮಾನ್ಯವಾಗಿ ಕಾಣುವಂಥವು. ಮೊದಲನೆಯದು, ಯೆಹೂದ್ಯರನ್ನು ಒಂದು ಜನಾಂಗವಾಗಿ ಖಳರೆಂದು ಚಿತ್ರಿಸುವುದು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ಕ್ರಿಸ್ತರ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು ಎಂದು ಸ್ಪಷ್ಟವಾಗಿ ಸಾರಿತು. ಓಬರಾಮರ್ಗೌ ಹಳ್ಳಿ ತನ್ನ ನೂರಾರು ವರ್ಷಗಳ ಪಾಠವನ್ನು ಈ ಬೆಳಕಿನಲ್ಲಿ ತಿದ್ದಿಕೊಂಡಿತು. ನಾವೂ ತಿದ್ದಿಕೊಳ್ಳಬೇಕು. ಯೇಸು, ಮರಿಯ, ಪೇತ್ರ, ಯೊವಾನ್ನ ಎಲ್ಲರೂ ಯೆಹೂದ್ಯರೇ. ಇನ್ನೊಬ್ಬರನ್ನು ಹಳಿದು ನಮ್ಮ ವಿಶ್ವಾಸವನ್ನು ಗಟ್ಟಿಮಾಡಿಕೊಳ್ಳುವ ದಾರಿ ಶಿಲುಬೆಯ ದಾರಿಯಲ್ಲ. ಬೇರೆ ಧರ್ಮದ ನೆರೆಯವರೊಡನೆ ಬಾಳುವ ನಮಗೆ ಇದು ಇನ್ನೂ ಚೆನ್ನಾಗಿ ತಿಳಿದಿರಬೇಕು.

ಎರಡನೆಯದು, ಪುನರುತ್ಥಾನವನ್ನು ಅವಸರದಲ್ಲಿ ಮುಗಿಸುವುದು. ಚಾಟಿಯೇಟಿಗೆ ಅರ್ಧ ಗಂಟೆ, ಬರಿದಾದ ಸಮಾಧಿಗೆ ಎರಡು ನಿಮಿಷ. ಜನ ಅತ್ತು ಮನೆಗೆ ಹೋಗುತ್ತಾರೆ. ಶುಕ್ರವಾರ ನೆರೆದ ಜನಸ್ತೋಮದಲ್ಲಿ ಪಾಸ್ಖ ಜಾಗರಣೆಗೆ ಬರುವವರು ಎಷ್ಟು ಮಂದಿ ಎಂದು ನಿಮ್ಮ ನಿಮ್ಮ ದೇವಾಲಯದಲ್ಲಿಯೇ ನೋಡಿಕೊಳ್ಳಿ. ಲೂಕರು ಹೇಳುವ ಎಮ್ಮಾವು ದಾರಿಯ ದೃಶ್ಯವನ್ನು ಸೇರಿಸಿದರೆ ನಾಟಕಕ್ಕೆ ತಕ್ಕ ಮುಕ್ತಾಯ ಸಿಕ್ಕೀತು. ನಿರಾಶರಾದ ಇಬ್ಬರು ಜೆರುಸಲೇಮನ್ನು ಬಿಟ್ಟು ಹೋಗುತ್ತಿದ್ದಾರೆ. ಪುನರುತ್ಥಾನರಾದ ಪ್ರಭು ಅವರನ್ನು ಅಡ್ಡಗಟ್ಟಿ ಗದರಿಸಿ ಹಿಂದಕ್ಕೆ ಕಳಿಸುವುದಿಲ್ಲ. ಅವರು ಹೋಗುತ್ತಿರುವ ದಿಕ್ಕಿಗೇ ಜೊತೆಯಾಗಿ ನಡೆಯುತ್ತಾರೆ, ಅವರ ದುಃಖವನ್ನು ಮೊದಲು ಕೇಳುತ್ತಾರೆ, ಆಮೇಲೆ ಅವರಿಗೆ ಬುದ್ಧಿ ಹೇಳುತ್ತಾರೆ. ದೇವಾಲಯಕ್ಕೆ ಬರುವುದನ್ನು ಬಿಟ್ಟವರ ಬಳಿ ಹೇಗೆ ಹೋಗಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಮೂರನೆಯ ಕುಂದು ರಂಗದ ಮೇಲಿನದಲ್ಲ, ರಂಗದ ಮುಂದೆ ಕೂತವರದು. ಕಣ್ಣೀರನ್ನೇ ಕೊನೆಯ ಅಳತೆಗೋಲಾಗಿ ಮಾಡಿಕೊಂಡಿದ್ದೇವೆ. ಜೆರುಸಲೇಮಿನ ಹೆಂಗಸರು ಅತ್ತಾಗ ಪ್ರಭು ತಿರುಗಿ ನಿಂತು, ನಿಮಗಾಗಿ ಮತ್ತು ನಿಮ್ಮ ಮಕ್ಕಳಿಗಾಗಿ ಅಳಿ ಎಂಬ ಅರ್ಥದ ಮಾತಾಡಿದರು. ನಮ್ಮ ಕಣ್ಣೀರು ಪಕ್ಕದ ಮನೆಯ ಕಡೆಗೆ ತಿರುಗಬೇಕು.

ಹಳ್ಳಿಯಲ್ಲಿ ಬೆಳೆದ ನಿಮಗೆ ಮುಯ್ಯಾಳು ಪದ್ಧತಿ ಗೊತ್ತು. ಇಂದು ನನ್ನ ಗದ್ದೆಯ ನಾಟಿಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರುತ್ತೇನೆ ಎಂಬ ಒಪ್ಪಂದ ಅದು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ನಾಲ್ಕನೆಯ ಜ್ವರದಿಂದ ಎದ್ದು ಹಗಲಿರುಳು ಸೊಪ್ಪು ತಿನ್ನತೊಡಗಿದಾಗ, ಮನೆಯವರ ಕೈಯೊಂದೇ ಸಾಲದೆ ನೆರೆಯ ಕೈಗಳು ಸೇರುತ್ತವೆ. ಆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಹಣವಾಗುವುದರ ಹಿಂದೆ ಎಷ್ಟೋ ಮನೆಗಳ ಬೆವರಿರುತ್ತದೆ. ಮುಯ್ಯಿ ಒಳ್ಳೆಯದು, ಊರನ್ನು ಕಟ್ಟಿದ್ದೇ ಅದು. ನಮ್ಮ ಧಾರ್ಮಿಕ ಬದುಕಿನಲ್ಲಿಯೂ ಮುಯ್ಯಿ ಇದೆ. ನಮ್ಮ ಮನೆಯ ಪ್ರಾರ್ಥನೆಗೆ ಬಂದವರ ಮನೆಗೆ ನಾವು ಹೋಗುತ್ತೇವೆ. ಮದುವೆಗೆ ಮುಯ್ಯಿ ಮಾಡಿದವರಿಗೆ ಲೆಕ್ಕ ನೋಡಿ ಹಿಂತಿರುಗಿಸುತ್ತೇವೆ. ಆದರೆ ಸಂತ ಲೂಕರ ಶುಭಸಂದೇಶದಲ್ಲಿ ಪ್ರಭು, ತಿರುಗಿ ಕೊಡಲಾರದವರನ್ನೇ ಔತಣಕ್ಕೆ ಕರೆಯಬೇಕೆಂದರು. ಮುಯ್ಯಿಯ ಲೆಕ್ಕ ಮುಗಿಯುವಲ್ಲಿ ಶುಭಸಂದೇಶದ ಲೆಕ್ಕ ಶುರುವಾಗುತ್ತದೆ. ಸಿಮೋನನ ಹೆಗಲಿಗೆ ಯೇಸು ಯಾವ ಕೂಲಿಯನ್ನು ಕೊಡಬಲ್ಲವರಾಗಿದ್ದರು?

ಇಂಥ ಆಸರೆ ಎಷ್ಟು ಅಗತ್ಯವೆಂದು ಕಳೆದ ಕೆಲವು ವರ್ಷಗಳೇ ನಮಗೆ ತೋರಿಸಿಕೊಟ್ಟಿವೆ. 2019ರ ಡಿಸೆಂಬರ್ 25ರಂದು ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಕನಕಪುರದ ಶಾಸಕರಾದ ಡಿ.ಕೆ. ಶಿವಕುಮಾರ್ ಅವರು ಶಂಕುಸ್ಥಾಪನೆ ಮಾಡಿದರು. 2020ರ ಜನವರಿಯಲ್ಲಿ ಅದನ್ನು ವಿರೋಧಿಸಿ ಕನಕಪುರದಲ್ಲಿ ಮೆರವಣಿಗೆ ನಡೆಯಿತು. ಸದ್ದಿಲ್ಲದೆ ಬಾಳುತ್ತಿದ್ದ ಹಳ್ಳಿಯೊಂದು ಇದ್ದಕ್ಕಿದ್ದಂತೆ ದೂರದರ್ಶನ ವಾಹಿನಿಗಳ ಚರ್ಚೆಯ ವಸ್ತುವಾಯಿತು. ಪ್ರತಿಮೆಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ದಿನಗಳಲ್ಲಿ ಅಲ್ಲಿನ ಸಾಮಾನ್ಯ ಕುಟುಂಬಕ್ಕೆ ಬೇಕಾಗಿದ್ದದ್ದು ಏನೆಂದು ಯೋಚಿಸಿ. ನಿಮ್ಮೊಡನೆ ನಾವಿದ್ದೇವೆ ಎನ್ನುವ ಸಹವಿಶ್ವಾಸಿಯ ಮಾತು, ಎಂದಿನಂತೆಯೇ ನಗುನಗುತ್ತಾ ಮಾತಾಡಿಸುವ ಹಿಂದೂ ನೆರೆಯವರ ಸ್ನೇಹ. ಕಲ್ಲಿನ ಪ್ರತಿಮೆ ಎಷ್ಟೇ ಎತ್ತರವಾದರೂ ಈ ಎರಡರ ಕೆಲಸವನ್ನು ಮಾಡಲಾರದು.

ಅದಾದ ಮೂರೇ ತಿಂಗಳಿಗೆ, 2020ರ ಏಪ್ರಿಲ್ 10ರ ಶುಭ ಶುಕ್ರವಾರ, ದೇಶವೇ ಲಾಕ್‌ಡೌನ್‌ನಲ್ಲಿತ್ತು. ದೇವಾಲಯಗಳ ಬಾಗಿಲು ಮುಚ್ಚಿತ್ತು. ಜನ ಸೇರುವಂತಿರಲಿಲ್ಲ, ನಾಟಕಕ್ಕೆ ಎಡೆಯಿರಲಿಲ್ಲ. ರಂಗವೇ ಇಲ್ಲದ ಆ ವರ್ಷ ಪಾತ್ರಗಳು ಮನೆಗಳಿಗೆ ಇಳಿದುಬಂದವು. ಕೆಲಸ ಕಳೆದುಕೊಂಡವರ ಬಾಗಿಲಿಗೆ ಅಕ್ಕಿ ಬೇಳೆ ಮುಟ್ಟಿಸಿದವರು ಸಿಮೋನರು. ಭಯದ ನಡುವೆಯೂ ಶವಸಂಸ್ಕಾರಕ್ಕೆ ಹೆಗಲು ಕೊಟ್ಟವರು ಅರಿಮತಾಯದ ಜೋಸೆಫರು. ಅಂದು ಕಲಿತದ್ದನ್ನು ನಾವು ಮರೆಯಬಾರದು.

ನಮ್ಮ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ತೀರ್ಮಾನಿಸಿತು. ಹೆಸರಿನ ಜೊತೆಗೆ ಬದುಕೂ ಬೆಂಗಳೂರಿನ ಕಡೆಗೆ ವಾಲುತ್ತಿದೆ. ಮಕ್ಕಳು ಕಾರ್ಖಾನೆಗೆ, ಕಚೇರಿಗೆ ದಿನವೂ ಹೋಗಿಬರುತ್ತಾರೆ, ಅಥವಾ ಅಲ್ಲಿಯೇ ಬಾಡಿಗೆ ಮನೆ ಹಿಡಿಯುತ್ತಾರೆ. ಹಾರೋಬೆಲೆಯಂತೆ ಕ್ರೈಸ್ತರೇ ಬಹುಪಾಲಾಗಿರುವ ಊರುಗಳು ವಿರಳ. ಪಟ್ಟಣದ ಬಡಾವಣೆಗಳಲ್ಲಿ ಒಂಟಿ ಮನೆಗಳೇ ಹೆಚ್ಚು. ಅಂಥ ಮನೆಯ ಮಗು ಶಾಲೆಯಲ್ಲಿ ತಾನೊಬ್ಬನೇ ಎಂದುಕೊಳ್ಳುತ್ತದೆ. ಹಳ್ಳಿಯಲ್ಲಿ ಉಳಿದ ಮುದಿ ತಂದೆತಾಯಿಗಳೂ ತಾವಿಬ್ಬರೇ ಎಂದುಕೊಳ್ಳುತ್ತಾರೆ. ಇವರ ಕದ ತಟ್ಟುವವರು ಯಾರು?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಬಾರ್ನಬನ ಹೆಸರಿಗೆ ಧೈರ್ಯ ತುಂಬುವವನು ಎಂಬ ಅರ್ಥವಿದೆ. ಎಲ್ಲರೂ ಸಂಶಯದಿಂದ ನೋಡುತ್ತಿದ್ದ ಸೌಲನನ್ನು ಕೈಹಿಡಿದು ಪ್ರೇಷಿತರ ಬಳಿಗೆ ಕರೆದೊಯ್ದವನು ಅವನೇ. ಪಯಣದ ನಡುವೆ ಬಿಟ್ಟುಹೋದ ಮಾರ್ಕನಿಗೆ ಇನ್ನೊಂದು ಅವಕಾಶ ಕೊಟ್ಟವನೂ ಅವನೇ. ಅದಕ್ಕಾಗಿ ಪೌಲನೊಡನೆ ಮನಸ್ತಾಪವನ್ನೂ ಕಟ್ಟಿಕೊಂಡ. ಬಾರ್ನಬ ಬರೆದ ಪತ್ರ ಒಂದೂ ನಮ್ಮ ಹೊಸ ಒಡಂಬಡಿಕೆಯಲ್ಲಿಲ್ಲ. ಆದರೆ ಅವನು ಕೈಹಿಡಿದ ಪೌಲನ ಪತ್ರಗಳಿವೆ. ಅವನು ಕೈಬಿಡದ ಮಾರ್ಕನ ಹೆಸರಿನ ಶುಭಸಂದೇಶವಿದೆ. ಪಕ್ಕದ ಪಾತ್ರದ ಹಿರಿಮೆ ಇಷ್ಟು.

ಆದ್ದರಿಂದ ಪ್ರಿಯ ಓದುಗರೇ, ಮುಂದಿನ ಶುಭ ಶುಕ್ರವಾರ ನೀವು ಹಾರೋಬೆಲೆಗೆ ಹೋದರೂ ನಿಮ್ಮ ಧರ್ಮಕೇಂದ್ರದಲ್ಲಿಯೇ ಶಿಲುಬೆ ಹಾದಿ ಮಾಡಿದರೂ, ಅಂಚಿನಲ್ಲಿ ನಿಂತ ಪಾತ್ರಗಳನ್ನು ನೋಡಿ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಸಿಮೋನನನ್ನು ಆರಿಸಿಕೊಂಡವರು ಹೊರೆ ಹೆಚ್ಚಾದ ಒಂದು ಮನೆಯನ್ನು ಹುಡುಕಲಿ. ವೆರೋನಿಕಳನ್ನು ಆರಿಸಿಕೊಂಡವರು ಹಾಸಿಗೆ ಹಿಡಿದ ಒಬ್ಬರ ಬಳಿ ವಾರಕ್ಕೊಮ್ಮೆ ಕೂತು ಬರಲಿ. ಯೊವಾನ್ನನನ್ನು ಆರಿಸಿಕೊಂಡವರು ಒಬ್ಬ ಒಂಟಿ ತಾಯಿಯನ್ನು ಹಬ್ಬದ ಊಟಕ್ಕೆ ಮನೆಗೆ ಕರೆತರಲಿ. ಒಂದು ವರ್ಷದ ನಂತರ ನಾಟಕದ ಬಗ್ಗೆ ಮಾತಾಡುವಾಗ ಯಾರ ಅಭಿನಯ ಚೆನ್ನಾಗಿತ್ತು ಎಂದು ಕೇಳುವುದರ ಜೊತೆಗೆ, ಯಾರು ದೇವಾಲಯಕ್ಕೆ ಮರಳಿದರು, ಯಾರ ಮನೆಯಲ್ಲಿ ಮತ್ತೆ ಸಂಜೆಯ ಜಪ ಕೇಳಿಸುತ್ತಿದೆ ಎಂದೂ ಕೇಳಿ. ಆ ಪ್ರಶ್ನೆಗೆ ಒಂದು ಮನೆಯ ಹೆಸರು ಉತ್ತರವಾಗಿ ಬಂದರೂ ಸಾಕು. ನಮ್ಮ ಹಿರಿಯರು ಆ ನಾಟಕಕ್ಕೆ 'ಮಹಿಮೆ' ಎಂದು ಹೆಸರಿಟ್ಟದ್ದು ಸಾರ್ಥಕವಾದಂತೆ.